ರೆಕ್ಕೆಗೆ ಬೇಕಾಗಿದ್ದ ನೀಲಿ

ಆ ಜಪಾನಿ ಕಾರ್ಟೂನ್ ಸಿನಿಮಾದಲ್ಲಿ ಕಥೆ ಎಂಬುದೇ ಇರಲಿಲ್ಲ. ಈ ಮಾತು ಒಪ್ಪಿಕೊಳ್ಳಲು ನನಗೆ ಹತ್ತು ವರ್ಷ ಬೇಕಾಯಿತು. ಮಾತಿನ ಅರ್ಥ ಕೆಳಗೆ ಇಂಗ್ಲಿಷಿನಲ್ಲಿ ಬರುವ ಪ್ರತಿ ಸಿಕ್ಕ ಮೇಲೆ ಮತ್ತೆ ನೋಡಿದೆ. ಅದರಲ್ಲಿ ಬರುವ ಹುಡುಗಿ ಯಾರು, ಯಾಕೆ ಹೊರಟಳು, ಯಾರನ್ನು ಬಿಟ್ಟು ಬಂದಳು, ಒಂದನ್ನೂ ಹೇಳಿಲ್ಲ ಪುಣ್ಯಾತ್ಮರು. ಬರೀ ಆಕಾಶ, ಮೋಡ, ರೆಕ್ಕೆ. ಆದರೆ ಆ ಕಾಲದಲ್ಲಿ ಯಾರಾದರೂ ಹೀಗೆಂದಿದ್ದರೆ ನಾನು ಜಗಳಕ್ಕೇ ನಿಲ್ಲುತ್ತಿದ್ದೆ.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ನಾನು ಕಲಬುರಗಿಯಲ್ಲಿ ಚಿತ್ರಕಲೆ ಓದುತ್ತಿದ್ದೆ. ಸೂಪರ್ ಮಾರ್ಕೆಟ್ಟಿನ ಬಟ್ಟೆ ಅಂಗಡಿಗಳ ಸಂದಿಯಲ್ಲಿ ಸಿ.ಡಿ. ಬಾಡಿಗೆಗೆ ಕೊಡುವ ಗೂಡಂಗಡಿಯೊಂದಿತ್ತು. ಹಿಂದಿ ಹೊಡೆದಾಟದ ಸಿನಿಮಾಗಳ ನಡುವೆ ಇದರ ಹೊದಿಕೆ ಕಣ್ಣಿಗೆ ಬಿತ್ತು. ಮೋಡದ ಮೇಲೆ ಹಾರುವ ಒಂದು ಮೃಗ, ಅದರ ಬೆನ್ನ ಮೇಲೆ ಕೂದಲು ಬಿಟ್ಟುಕೊಂಡು ಕೂತ ಹುಡುಗಿ.

"ಬಚ್ಚೋಂಕಾ ಅದ ಅಕ್ಕಾ, ಸಣ್ಣ ಹುಡುಗರದು, ಯಾರೂ ಒಯ್ಯಂಗಿಲ್ಲ. ನೀವರ ಒಯ್ರಿ" ಎಂದ ಅಂಗಡಿಯವನು.

ಮಾತೆಲ್ಲ ಜಪಾನಿ, ಕೆಳಗಿನ ಅಕ್ಷರ ಚೀನಿಯೋ ಮತ್ತೇನೋ. ನನಗೆ ಅದರ ಗೊಡವೆಯೇ ಬೇಕಿರಲಿಲ್ಲ. ನಡುನಡುವೆ ನಿಲ್ಲಿಸಿ ನಿಲ್ಲಿಸಿ ವಹಿಯಲ್ಲಿ ಚಿತ್ರ ಬರೆದುಕೊಂಡೆ. ಮೃಗ ಮೇಲೇಳುವಾಗ ಅದರ ರೆಕ್ಕೆಯ ಒಳಮೈ ಕಾಣುತ್ತಿತ್ತು. ಬೆಳ್ಳಿಯ ಗೆರೆಗಳಿದ್ದ ಒಂದು ನೀಲಿ. ಯವ್ವಾ, ಏನು ನೀಲಿ ಅದು! ಊಟಕ್ಕೆ ಕೂತರೂ ಅದೇ ಕಣ್ಣ ಮುಂದೆ.

ಅದೇ ವಾರ ಕಮಲಾಪುರದಿಂದ ದೊಡ್ಡವ್ವ ಬಂದಳು. ಅವಳು ನನ್ನ ಅವ್ವನ ಅಕ್ಕ. ಯಾವಾಗಲೂ ಹಾಗೆ, ಚೀಲದ ತುಂಬ ಕೆಂಪು ಬಾಳೆಹಣ್ಣು ತಂದಿದ್ದಳು. ಅವಳನ್ನೂ ಎದುರಿಗೆ ಕೂರಿಸಿ ಸಿನಿಮಾ ಹಾಕಿದೆ.

"ಇಕಿ ಯಾರ ಮಗಳವ್ವಾ?" ಎಂದಳು.

"ಗೊತ್ತಿಲ್ಲ ದೊಡ್ಡವ್ವ. ರೆಕ್ಕಿ ನೋಡು."

"ರೆಕ್ಕಿ ಛಂದ ಅದ. ಎಲ್ಲಿಗಿ ಹೊಂಟಾಳ?"

"ಎಲ್ಲಿಗ್ಯರ ಹೋಗ್ಲಿ, ಆಕಾಶ ನೋಡು!"

"ಆಕಾಶ ನಮ್ಮ ಮಾಳಗಿ ಮ್ಯಾಲೂ ಅದ. ಇಷ್ಟ್ ಸಣ್ಣಾಕಿ ಒಬ್ಬಾಕಿನೇ ಹೊಂಟಾಳ, ಹುಡುಕ್ಲಾಕ ಯಾರೂ ಬರಂಗಿಲ್ಲೇನು?"

ನಾನು ನಕ್ಕೆ. ಮರುದಿನ ಗೆಳತಿಯರ ಮುಂದೆ ಅವಳ ದನಿಯಲ್ಲೇ ಹೇಳಿ ಅವರನ್ನೂ ನಗಿಸಿದೆ. ಹಾಗೆ ಕೇಳಲು ಅವಳಿಗೆ ಕಾರಣವಿತ್ತು. ಅವಳ ಒಬ್ಬಳೇ ಮಗಳು, ನನ್ನ ಓರಗೆಯವಳು, ಒಂಬತ್ತನೆಯ ವಯಸ್ಸಿಗೆ ಜ್ವರ ಬಂದು ಮೂರೇ ದಿನದಲ್ಲಿ ಹೋಗಿಬಿಟ್ಟಿದ್ದಳು. ಇದು ನನಗೆ ಗೊತ್ತಿರಲಿಲ್ಲವೇ? ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು!

ದೊಡ್ಡವ್ವ ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ಅವಳ ಕೌದಿಯಲ್ಲಿ ಹಳೆಯ ಬಟ್ಟೆಯ ತುಂಡುಗಳು ಬಣ್ಣ ನೋಡಿ ಕೂರುತ್ತಿರಲಿಲ್ಲ, ಮನುಷ್ಯರನ್ನು ನೋಡಿ ಕೂರುತ್ತಿದ್ದವು. ನಡುವೆ ಮುತ್ಯಾನ ಧೋತರ, ಬಗಲಿಗೆ ಆಯಿಯ ಇಳಕಲ್ ಸೀರೆ, ಸುತ್ತಲೂ ಮಕ್ಕಳದು. ಜಗಳ ಮಾಡಿಕೊಂಡ ನೆಗೆಣ್ಣಿಯರ ಸೀರೆಗಳನ್ನು ಒತ್ತಿಗೊತ್ತಿ ಇಡುತ್ತಿರಲಿಲ್ಲ. "ಹೊಚ್ಚಗೊಂಡವರಿಗಿ ನಿದ್ದಿ ಹತ್ತಂಗಿಲ್ಲ" ಎನ್ನುತ್ತಿದ್ದಳು. ಎಲ್ಲ ಮುಗಿದ ಮೇಲೆ ಒಂದು ಮೂಲೆಯನ್ನು ಬಿಟ್ಟು, ಅದರೊಳಗೆ ಚೂರು ರೊಟ್ಟಿ ಇಟ್ಟು ಬಾಯಿ ಹೊಲಿಯುತ್ತಿದ್ದಳು. ಕೌದಿಯ ಹೊಟ್ಟೆ ಬರಿದಾಗಿರಬಾರದು ಎಂಬುದು ನಮ್ಮ ಕಡೆಯ ನಂಬಿಕೆ.

ಬೇಸಿಗೆಯ ಕೊನೆಗೆ ನಮ್ಮ ಪ್ರದರ್ಶನವಿತ್ತು. ಬಣ್ಣದಲ್ಲಿ ಎಲ್ಲರೂ ಬರೆಯುತ್ತಾರೆ, ನಾನು ಆ ಮೃಗವನ್ನು ಕೌದಿಯಲ್ಲಿ ತರುತ್ತೇನೆಂದು ಕಮಲಾಪುರಕ್ಕೆ ಹೋದೆ. ದೊಡ್ಡವ್ವನಿಗೆ ಹಿಗ್ಗೋ ಹಿಗ್ಗು. "ನೀ ಕತ್ತರಸು, ನಾ ಹೊಲಿತೀನಿ" ಎಂದು ಹಳೆಯ ಬಟ್ಟೆಯ ಗಂಟು ನನ್ನ ಮುಂದಿಟ್ಟು, ಮಹಾಗಾಂವದಲ್ಲಿ ಯಾರದೋ ತೊಟ್ಟಿಲ ಕಾರ್ಯಕ್ಕೆ ಹೋದಳು.

ಗಂಟಿನಲ್ಲಿ ಎಲ್ಲ ಬಣ್ಣವೂ ಇತ್ತು, ನನಗೆ ಬೇಕಾದ ನೀಲಿ ಇರಲಿಲ್ಲ. ಅದು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಅವಳ ಟ್ರಂಕಿನ ತಳದಲ್ಲಿ, ಬಿಳಿ ವಸ್ತ್ರದಲ್ಲಿ ಸುತ್ತಿಟ್ಟ ಜರಿಯ ಲಂಗ. ನನಗೂ ಅವಳ ಮಗಳಿಗೂ ಒಂದೇ ಥಾನಿನ ಬಟ್ಟೆಯಲ್ಲಿ ಹೊಲಿಸಿದ್ದು. ನನ್ನದು ಹರಿದು ಎಂದೋ ಮಸಿಬಟ್ಟೆಯಾಯಿತು. ಅವಳು ತನ್ನದನ್ನು ಹಾಕಿಕೊಂಡದ್ದು ಒಂದೇ ಹಬ್ಬಕ್ಕೆ.

ತಿಳಿಯದೆ ಮಾಡಿದೆ ಎಂದು ಮುಂದೆ ಕೆಲವರಿಗೆ ಹೇಳಿದ್ದೇನೆ. ಸುಳ್ಳು. ತಿಳಿದೇ ತೆಗೆದೆ. ಟ್ರಂಕಿನಲ್ಲಿ ಕೊಳೆಯುವ ಬದಲು ನಾಲ್ಕು ಜನ ನೋಡಲಿ ಎಂದು ನನಗೆ ನಾನೇ ಹೇಳಿಕೊಂಡೆ. ಬಿಚ್ಚಿದಾಗ ಮಡಿಕೆಯಿಂದ ನುಸಿಗುಳಿಗೆಯೊಂದು ಉರುಳಿ ನೆಲಕ್ಕೆ ಬಿತ್ತು. ಹೊಸದು, ಇನ್ನೂ ಕರಗಿರಲಿಲ್ಲ. ಅದನ್ನು ಎತ್ತಿ ಗೋಡೆಯ ಮಾಡದಲ್ಲಿಟ್ಟು ಲಂಗಕ್ಕೆ ಕತ್ತರಿ ಹಾಕಿದೆ.

ಸಂಜೆ ಬಂದವಳು ಹಾಸಿದ ತುಂಡುಗಳ ಮುಂದೆ ನಿಂತಳು. ಒಂದು ನೀಲಿ ಚೂರನ್ನು ಎತ್ತಿ ಹೆಬ್ಬೆರಳಿನಿಂದ ಸವರಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಭಾಳ ಸಣ್ಣ ಸಣ್ಣ ಕತ್ತರಿಸಿದೆಲ್ಲವ್ವಾ" ಎಂದಳು. ಆಮೇಲೆ ಮೃಗದ ಬೆನ್ನ ಮೇಲಿನ ಹುಡುಗಿಯನ್ನು ತೋರಿಸಿ, "ಇಕಿಗಿ ಮಾರಿನೇ ಇಲ್ಲಲ್ಲ?" ಎಂದು ಕೇಳಿದಳು.

"ಆ ಕಡಿ ಹೊಳ್ಳ್ಯಾಳ ದೊಡ್ಡವ್ವ. ಬೆನ್ನಷ್ಟೇ ಕಾಣ್ತದ."

"ಹೌದೇನು. ಇರ್ಲಿ ತಗೋ" ಎಂದು ಸೂಜಿಗೆ ದಾರ ಪೋಣಿಸಲು ಕೂತಳು.

ತಿಂಗಳಿಡೀ ಹೊಲಿದಳು. ನೀಲಿಯ ಮೇಲಿನ ಹೊಲಿಗೆಯ ಟಾಕಿಗಳು ಎಳ್ಳುಕಾಳಿನಷ್ಟು ಸಣ್ಣವು. ಕಡೆಯ ದಿನ ಮೂಲೆ ಮುಚ್ಚುವ ಮೊದಲು ರೊಟ್ಟಿಯ ಬುಟ್ಟಿಗೆ ಕೈ ಹಾಕಿದಳು.

"ಬ್ಯಾಡ ದೊಡ್ಡವ್ವ. ಇರವಿ ಹತ್ತತಾವ. ಮಂದಿ ಮುಂದ ಇಡೋದದ ಅದು."

"ಒಂದ್ ಚೂರೇ ಇಡ್ತೀನಿ. ಉಪಾಸ ಕಳಸಬಾರದವ್ವಾ."

"ಏ, ನಿಂದೊಂದು!" ಎಂದು ರೇಗಿದೆ. ಅವಳು ರೊಟ್ಟಿಯ ಚೂರನ್ನು ಬುಟ್ಟಿಗೆ ಹಾಕಿ, ಬರಿದಾದ ಮೂಲೆಯನ್ನು ಹೊಲಿದು, ಮಡಿಸಿ ನನ್ನ ತೊಡೆಯ ಮೇಲಿಟ್ಟಳು.

ಪ್ರದರ್ಶನದಲ್ಲಿ ಎಲ್ಲರೂ ಅದರ ಮುಂದೆಯೇ ನಿಂತರು. "ಏನ್ ಬಣ್ಣ ರೀ!" ಎಂದವರೇ ಎಲ್ಲ. ಇದು ಯಾರು, ಇದರ ಹಿಂದೇನು ಎಂದು ಒಬ್ಬರೂ ಕೇಳಲಿಲ್ಲ, ಅದೇ ನನಗೆ ದೊಡ್ಡ ಮೆಚ್ಚುಗೆ ಅನ್ನಿಸಿತು. ದೂರದಿಂದ ಬಂದ ಮುಖ್ಯ ಅತಿಥಿಗಳು ಅದನ್ನು ಬಿಟ್ಟು ಕದಲಲಿಲ್ಲ. ನಮ್ಮ ಗುರುಗಳು ನನ್ನ ಕಡೆ ತಿರುಗಿ, "ಸಾಹೇಬರಿಗೆ ನೆನಪಿನ ಕಾಣಿಕೆಯಾಗಿ ಕೊಡೋಣೇನಮ್ಮಾ?" ಎಂದರು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ನಾನು ಹೂಂ ಅಂದುಬಿಟ್ಟೆ. ಅದು ಕಾರಿನ ಹಿಂದಿನ ಸೀಟಿನಲ್ಲಿ ಹೋಯಿತು. ಯಾವ ಊರಿಗೆ ಎಂದೂ ಕೇಳಲಿಲ್ಲ ನಾನು.

ದೊಡ್ಡವ್ವನಿಗೆ ಮಾತ್ರ, "ಕಾಲೇಜಿನಾಗ ಕಾಜಿನ ಪೆಟಗಿಯೊಳಗ ಇಟ್ಟಾರ" ಎಂದು ಹೇಳಿದೆ. ಅವಳು ಕೈ ಮುಗಿದಳು.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಹೇಳದೆ ಕೇಳದೆ ಬಸ್ಸಿಳಿದು ಬಂದಳು. ಈ ಸಲ ಬಾಳೆಹಣ್ಣು ತಂದಿರಲಿಲ್ಲ. ಸೆರಗಿನ ಗಂಟು ಬಿಚ್ಚಿ ನೆಲದ ಮೇಲಿಟ್ಟಳು. ಅಂಗೈಯಷ್ಟು ಒಣಗಿದ ಸಜ್ಜೆ ರೊಟ್ಟಿ, ಎಳ್ಳು ಹಚ್ಚಿದ್ದು. ಅದರ ಬದಿಗೆ ನೀಲಿ ದಾರ ಪೋಣಿಸಿದ ಸೂಜಿ.

"ನಿನ್ನ ಕಾಲೇಜಿಗಿ ಕರಕೊಂಡು ನಡಿ" ಎಂದಳು. "ನಾಕ್ ಟಾಕಿ ಬಿಚ್ಚಿ, ಇದನ್ನ ಒಳಗಿಟ್ಟು ಹೊಲದ್ ಬರ್ತೀನಿ. ಕಟಕ ರೊಟ್ಟಿ ಅದ, ಇರವಿ ಹತ್ತಂಗಿಲ್ಲ. ಯಾರಿಗೂ ಗೊತ್ತಾಗಂಗಿಲ್ಲ."

"ಇವತ್ತ ಸೂಟಿ ಅದ ದೊಡ್ಡವ್ವ."

"ನಾಳಿಗಿ?"

"ನಾಳಿಗೂ."

ಅವಳು ನನ್ನ ಮುಖವನ್ನೇ ನೋಡಿದಳು. ನಾನು ಆ ಕಡೆ ಹೊರಳಿದೆ.

"ಅಕಿಗಿ ಹಸಿವಿ ತಡಿತಿದ್ದಿಲ್ಲ" ಎಂದಳು. "ಸಾಲಿಯಿಂದ ಬಂದಾಕಿ ಚೀಲಾನೂ ಇಳಸ್ತಿದ್ದಿಲ್ಲ, ಮೊದಲ ರೊಟ್ಟಿ ಬುಟ್ಟಿಗೇ ಕೈ. ನಿನಗ ನೆಪ್ಪದ ಅಲ್ಲ?"

ನೆನಪಿತ್ತು. ಇಬ್ಬರೂ ಕೂಡಿಯೇ ಕೈ ಹಾಕುತ್ತಿದ್ದೆವು. ನಿಜ ಹೇಳಬೇಕಾಗಿದ್ದ ಗಳಿಗೆ ಅದು, ಮತ್ತೆ ಅಂಥದ್ದು ಬರಲಿಲ್ಲ. ದೊಡ್ಡವ್ವ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು, ರೊಟ್ಟಿಯನ್ನು ನನ್ನ ಕೈಗಿಟ್ಟಳು.

"ಹಂಗಾದ್ರ ನೀನರ ತಿನ್ನು. ತಂದ ರೊಟ್ಟಿ ಹೊಳ್ಳಿ ಒಯ್ಯಬಾರದು."

ನಾನು ತಿಂದೆ. ಚೂರೂ ಬಿಡದೆ ತಿಂದೆ. ಮುಗಿಯುವವರೆಗೂ ಅವಳು ಎದುರಿಗೆ ಕೂತು ನೋಡಿದಳು, ಆಮೇಲೆ ಎದ್ದು ಹೋಗಿ ನನಗೆ ಒಂದು ಚರಿಗೆ ನೀರು ತಂದುಕೊಟ್ಟಳು.