ಮೂವತ್ತೈದರ ಮೇಷ್ಟ್ರು

ಶಿವಮೊಗ್ಗದ ವಿನೋಬನಗರದಲ್ಲಿ ಗಣಿತದ ಟ್ಯೂಷನ್ ಹೇಳುವ ಕೊಟ್ರಬಸಪ್ಪ ಮೇಷ್ಟ್ರಿಗೆ ರ‍್ಯಾಂಕ್ ಬರುವ ಮಕ್ಕಳೆಂದರೆ ಅಲರ್ಜಿ. "ನಿನಗೆ ನಾನ್ಯಾಕಪ್ಪಾ, ಮನೇಲೇ ಓದ್ಕೋ" ಎಂದು ಗೇಟಿನಿಂದಲೇ ಕಳಿಸಿಬಿಡುತ್ತಾರೆ. ಎಸ್ಸೆಸ್ಸೆಲ್ಸಿ ಪಾಸಾಗಲು ಗಣಿತದಲ್ಲಿ ಮೂವತ್ತೈದು ಅಂಕ ಬೇಕು. ಅಷ್ಟನ್ನು ಮುಟ್ಟಲಾಗದವರೇ ಅವರ ಶಿಷ್ಯರು. ಎರಡು ಪ್ರಮೇಯ, ಒಂದು ನಕ್ಷೆ, ಮಿಕ್ಕಿದ್ದಕ್ಕೆ ಸಣ್ಣ ಲೆಕ್ಕಗಳು ಎಂದು ಪಾಸಿನ ದಾರಿಯನ್ನು ಅವರು ನಿದ್ದೆಯಲ್ಲೂ ಹೇಳಬಲ್ಲರು. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯವರಿಗೂ ಹೇಳಿದ್ದಾರೆ. ಫಲಿತಾಂಶದ ದಿನ ಮಾತ್ರ, ಪೇಡ ಹಿಡಿದು ಬಂದವರಿಗೆ ಅವರು ಸಿಗುವುದಿಲ್ಲ. ಒಂದು ವರ್ಷ, ಫೇಲಾದ ರಾಗಿಗುಡ್ಡದ ಹುಡುಗನೊಬ್ಬನ ಮನೆಗೆ ಮಧ್ಯಾಹ್ನ ಹೋಗೋಣವೆಂದುಕೊಂಡವರು ಸಂಜೆ ಹೋದರು. ಅಷ್ಟರಲ್ಲಿ ಅವನು ಜೀವ ಕಳೆದುಕೊಂಡಿದ್ದ. ಅಂದಿನಿಂದ, ಪತ್ರಿಕೆಯಲ್ಲಿ ಬರುವ ಪಾಸಾದವರ ಪಟ್ಟಿಯಲ್ಲಿ ಯಾವ ಶಿಷ್ಯರ ನಂಬರ್ ಇಲ್ಲವೋ ಅವರ ಮನೆಗೆ ಬೆಳಿಗ್ಗೆಯೇ ಹೊರಡುತ್ತಾರೆ. ತೊಂಬತ್ತೊಂಬತ್ತನೇ ಇಸವಿಯಲ್ಲಿ ಹಾಗೆಯೇ ಭದ್ರಾವತಿಯ ಬಸ್ ಹತ್ತಿದರು. ಅಲ್ಲಿ ಅವರ ಶಿಷ್ಯೆ ವೀಣಾ ಕೋಣೆಯ ಚಿಲಕ ಹಾಕಿಕೊಂಡಿದ್ದಳು. ಅವಳಪ್ಪ ದೇವರಾಜ್ ಬಾಗಿಲು ಬಡಿದು ಬಡಿದು ಸೋತಿದ್ದರು. ಮೇಷ್ಟ್ರು ಬಾಗಿಲಿಗೆ ಒರಗಿ ನೆಲದ ಮೇಲೆ ಕೂತರು. "ವೀಣಾ, ನಾನಮ್ಮಾ, ಮೇಷ್ಟ್ರು. ಸಪ್ಲಿಮೆಂಟರಿ ಇದೆ, ಮತ್ತೆ ಕಟ್ಟೋಣ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಮಾರಾಯ್ತಿ, ನೀನು ಬರೋವರೆಗೂ ತಿನ್ನೋದಿಲ್ಲ." ಬಹಳ ಹೊತ್ತಿನ ಮೇಲೆ ಚಿಲಕ ಸರಿಯಿತು. ಅತ್ತು ಕೆಂಪಾದ ಕಣ್ಣಿನ ಹುಡುಗಿಯನ್ನು ಅವರು ಪಕ್ಕದಲ್ಲಿ ಕೂರಿಸಿಕೊಂಡು, ಗಣಿತದ ಸುದ್ದಿಯನ್ನೇ ಎತ್ತದೆ ಉಂಡರು. ಅವಳು ಎರಡನೇ ಸಲ ಅನ್ನ ಹಾಕಿಸಿಕೊಂಡ ಮೇಲಷ್ಟೇ ಎದ್ದು, ಮುಂದಿನ ಮನೆಗೆ ಹೊರಟರು.