ಕುರನೂರದ ಅಳಿಯನನ್ನು ಅಕ್ಕಲಕೋಟೆಗೆ ತಂದ ಬಗೆ

ಒಬ್ಬ ಕಬಡ್ಡಿ ರೈಡರ್‌ನನ್ನು ಸೊಲ್ಲಾಪುರದಿಂದ ಅಕ್ಕಲಕೋಟೆಗೆ ತರಲು ನನಗೆ ಇಪ್ಪತ್ತೆರಡು ಸಾವಿರ ಬಿತ್ತು. ಹತ್ತು ಸಾವಿರ ಅವನ ಕೈಗೆ, ಹನ್ನೆರಡು ಸಾವಿರ ಇಲ್ಲಿ ಅವನಿದ್ದ ಖೋಲಿಯ ನಾಲ್ಕು ತಿಂಗಳ ಬಾಡಿಗೆಗೆ. ಆಟಗಾರನಿಗಿಂತ ಗೋಡೆಗೇ ಹೆಚ್ಚು ಕೊಟ್ಟವನೆಂದು ಪೇಟೆಯಲ್ಲಿ ನನ್ನನ್ನು ನೋಡಿ ನಕ್ಕರು. ನಗಲಿ. ಸೊಲ್ಲಾಪುರದ ದೊಡ್ಡ ತಂಡ ಅದೇ ಹುಡುಗನಿಗೆ ನಲವತ್ತು ಸಾವಿರ ಹೇಳಿತ್ತು.

ನಾನು ಟವೆಲ್ ವ್ಯಾಪಾರಿ. ಹೆಗಲ ಮೇಲೆ ಗಂಟು ಹೊತ್ತು ಬಸ್ ಸ್ಟ್ಯಾಂಡಿನಲ್ಲಿ ಮಾರುತ್ತ ಅಂಗಡಿ ಮಾಡಿಕೊಂಡವನು. ಊರಿನ ಅಭಿಮಾನಕ್ಕೆ ಅಕ್ಕಲಕೋಟೆಯ ತಂಡದ ಉಸ್ತುವಾರಿ ಹೊತ್ತಿದ್ದೆ. ನಮ್ಮಲ್ಲಿ ಕಲಿತ ಪ್ರತಿಯೊಬ್ಬ ಒಳ್ಳೆಯ ರೈಡರ್ ಎರಡನೇ ವರ್ಷಕ್ಕೆ ಸೊಲ್ಲಾಪುರ ಸೇರುತ್ತಿದ್ದ. ಈ ಸಲವೂ ರೈಡರ್ ಸಿಗದಿದ್ದರೆ ತಂಡವನ್ನೇ ಮುಚ್ಚುವುದೆಂದು ಹುಡುಗರು ತೀರ್ಮಾನಿಸಿದ್ದರು.

ಅಷ್ಟರಲ್ಲಿ ಸೊಲ್ಲಾಪುರದ ತಂಡದ ಜೊತೆ ಈ ರೈಡರ್‌ನ ಕರಾರು ಮುಗಿಯಿತು. ಅವನ ಹೆಂಡತಿಯ ತವರು ಕುರನೂರ, ಅಕ್ಕಲಕೋಟೆಯ ಮಗ್ಗುಲಿಗೇ. ಇದು ದೇವರೇ ಕೊಟ್ಟ ಸೌದಾ ಅಂದುಕೊಂಡು ಸೊಲ್ಲಾಪುರದಲ್ಲಿ ಅವರಿದ್ದ ಮನೆಯ ಮೆಟ್ಟಿಲು ಹತ್ತಿದೆ.

"ತಮ್ಮಾ, ಹತ್ತು ಸಾವಿರ ಕೈಯಾಗ. ಇರಾಕ ನಿಮ್ಮ ಮಾವನ ಮನಿ ಐತಿ. ಬಿಸಿ ರೊಟ್ಟಿ, ಗಟ್ಟಿ ಮಸರ, ಬಾಡಗಿ ಇಲ್ಲ, ಏನಿಲ್ಲ. ಮತ್ತೇನ್ ಬೇಕು?"

ಅವನು ಚಹದ ಕಪ್ಪು ಕೆಳಗಿಟ್ಟ. "ಬಘತೋ, ಕಾಕಾ," ಅಂದ.

ನೋಡುತ್ತೇನೆ ಎಂಬ ಆ ಮರಾಠಿ ಮಾತಿನ ಬೆಲೆ ನನಗೆ ಗೊತ್ತು. 'ಬಘತೋ' ಅಂದ ಗಿರಾಕಿ ಮತ್ತೆ ಅಂಗಡಿ ಕಡೆ ತಲೆ ಹಾಕುವುದಿಲ್ಲ. ಚಪ್ಪಲಿ ಮೆಟ್ಟಿ ಇಳಿದೆ. ಅವನ ಹೆಂಡತಿ ಹಿಂದೆಯೇ ಇಳಿದು ಬಂದಳು.

"ಏನ್ರಿ ಕಾಕಾ, ಇಷ್ಟು ವರ್ಷ ಟಾವೆಲ್ ಮಾರೀರಿ, ಗಿರಾಕಿ ಮಾರಿ ನೋಡಾಕ ಬರಂಗಿಲ್ಲೇನ್ರಿ?"

"ಯಾಕವ್ವಾ, ನಿನ್ನ ತವರ ಮನಿನ ಹೇಳಿದೆ. ತಪ್ಪೇನಾತು?"

"ಅಳಿಯ ನಾಕ ದಿನಕ್ಕ ಬಂದ್ರ ಹೋಳಿಗಿ. ನಾಕ ತಿಂಗಳ ಕುಂತ್ರ ಘರಜಾವಯಿ ಅಂತಾರ್ರಿ. ರೈಡಿನ್ಯಾಗ ಔಟ್ ಆದ್ರ ಮಂದಿ ಏನ್ ಒದರತಾರ? 'ಏ ಘರಜಾವಯಿ, ಹೋಗಿ ಮಾವನ ಎಮ್ಮಿ ಹಿಂಡು!' ನಮ್ಮಣ್ಣನ ಮೊದಲ ಒದರತಾನ."

ಮನೆಯಳಿಯ. ನಾನು ಲಾಭವೆಂದು ತೋರಿಸಿದ್ದೇ ಅವನಿಗೆ ಅವಮಾನವಾಗಿತ್ತು.

"ಮತ್ತ ರೊಕ್ಕ ಕಡಿಮಿ ಆತನ್ನೂದು?"

"ಅದು ಆಮ್ಯಾಲಿಂದ ಮಾತು. ಇಲ್ಲಿ ನಾಕ ಮಂದಿ ರೈಡರ್ ಅದಾರ. ಹೋದ ವರ್ಷ ನಮ್ಮವರು ಆಡಿದ್ದು ಕಡಿಮಿ. ಕುಂತು ಕುಂತು ಅವರ ಸೊಂಟ ಹಿಡದೈತಿ!"

ತಿರುಗಿ ಮೇಲೆ ಹತ್ತಿದೆ. ಅಕ್ಕಲಕೋಟೆಯಲ್ಲೇ ಬೇರೆ ಖೋಲಿ, ಸ್ವಂತ ಒಲೆ, ಪ್ರತಿ ಪಂದ್ಯದ ಮೊದಲ ರೈಡ್ ನಿನ್ನದೇ ಅಂದೆ.

"ಬಾಡಗಿ ಪಾವತಿ ಚೀಟಿ ಯಾರ ಹೆಸರಲೆ?" ಅಂತ ಕೇಳಿದ.

"ನಿನ್ನ ಹೆಸರಲೆ."

"ಹಂಗಾರ ಮಾವ ಬಂದ್ರ ನಾನ ಚಾ ಕುಡಸತೀನಿ," ಎಂದು ನಕ್ಕ. ಆಗ ಗೊತ್ತಾಯಿತು, ಸೌದಾ ಕುದುರಿತು.

ಆ ಹಂಗಾಮಿನಲ್ಲಿ ಸೆಮಿಫೈನಲ್‌ವರೆಗೆ ಹೋಗಿ, ಸೊಲ್ಲಾಪುರದ ಅದೇ ತಂಡಕ್ಕೆ ಎರಡು ಪಾಯಿಂಟಿನಲ್ಲಿ ಸೋತೆವು. ಮರುವರ್ಷ ಅವನನ್ನು ಪುಣೆಯವರು ಕರೆದೊಯ್ದರು. ನಾನು ತಡೆಯಲಿಲ್ಲ. ಅಷ್ಟರಲ್ಲಿ ನಮ್ಮ ಇಬ್ಬರು ಹುಡುಗರು ಅವನ ಹಾಗೆ ಕಾಲು ಚಾಚಿ ಮುಟ್ಟಿ ಬರುವುದನ್ನು ಕಲಿತಿದ್ದರು. ತಂಡ ಮುಚ್ಚಲಿಲ್ಲ.

ಸಣ್ಣ ಊರಿಗೆ ದೊಡ್ಡ ಆಟಗಾರ ಬರುತ್ತಾನೆಯೇ ಎಂದು ನನ್ನನ್ನು ಕೇಳುವವರಿದ್ದಾರೆ. ಬರುತ್ತಾನೆ, ಆದರೆ ದುಡ್ಡಿನಲ್ಲಿ ದೊಡ್ಡವರ ಜೊತೆ ಪೈಪೋಟಿಗೆ ಇಳಿಯಬೇಡಿ, ಸೋಲುತ್ತೀರಿ. ದೊಡ್ಡ ತಂಡದಲ್ಲಿ ಅವನು ಆಡದೆ ಎಷ್ಟು ಹೊತ್ತು ಕೂತಿರುತ್ತಾನೆ ಎಂದು ಮೊದಲು ವಿಚಾರಿಸಿ. ಅವನಿಗೆ ನಾಚಿಕೆ ತರುವುದು ಯಾವುದೆಂದು ಮನೆಯವರನ್ನು ಕೇಳಿ, ಅವನನ್ನಲ್ಲ, ಅವನು ಹೇಳುವುದಿಲ್ಲ. ಒಂದೇ ಹಂಗಾಮಿಗೆ ಮಾತಾಡಿ. ಮೂರು ವರ್ಷ ಕೇಳಿದರೆ ಸಿಗುವ ಒಂದು ವರ್ಷವೂ ಹೋಗುತ್ತದೆ. ಬಂದ ದಿನದಿಂದಲೇ ನಿಮ್ಮೂರಿನ ಇಬ್ಬರು ಹುಡುಗರನ್ನು ಆಟ ಕಲಿಯಲು ಅವನ ಎದುರಿಗೆ ಅಂಕಣಕ್ಕೆ ಇಳಿಸಿ.