ಖಾನಾಪುರದ ಚಾಕು ತಮ್ಮಣ್ಣ

ಕಮ್ಮಾರ ತಮ್ಮಣ್ಣ ಚಾಕುವಿನ ಅಲಗನ್ನು ಒಂದೇ ದಿನದಲ್ಲಿ ಬಡಿದು ಮುಗಿಸುತ್ತಾನೆ. ಬೆರಳು ಜಾರಿ ಅಲಗಿನ ಮೇಲೆ ಹೋಗದಂತೆ ಹಿಡಿಕೆಯ ಮುಂದೆ ಕೂಡಿಸುವ ಹಿತ್ತಾಳೆ ತಡೆಗೆ ಮಾತ್ರ ನಾಲ್ಕು ದಿನ ಬೇಕು. ಅದರ ದಪ್ಪ ನೋಡಿ ಬೆಳಗಾವಿ ರವಿವಾರ ಪೇಟೆಯ ವ್ಯಾಪಾರಿ ಪಾಯಪ್ಪ, "ವಿಲಾಯತಿ ಚಾಕು ಎಷ್ಟ ಹಗರ ಅದಾವು! ಇದು ಚಾಕೋ, ವಾಡೇದ ಬಾಗಲಾ ಅಗಳಿಯೋ?" ಎಂದು ನಗುತ್ತಾನೆ. "ಚಾಕು ಹೋದ್ರ ಇನ್ನೊಂದು ಮಾಡಿ ಕೊಡತೇನ್ರಿ ಸಾವಕಾರ್ರ, ಬೆರಳು ಮಾಡಾಕ ನನಗ ಬರೂದಿಲ್ಲ" ಅನ್ನುತ್ತಾನೆ ತಮ್ಮಣ್ಣ. ತಡೆಯನ್ನು ಅಲಗಿಗೆ ತೊಡಿಸಿ ಬಿಸಿಲಿಗೆ ಹಿಡಿಯುವುದು ಅವನ ಪದ್ಧತಿ. ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ ಅದು ಮೂಲೆಗೆ. ಬೆಳಕು ಹೋದಲ್ಲಿ ಜಾಂಬೋಟಿ ಘಟ್ಟದ ಮಳೆಯೂ ಹೋಗುತ್ತದೆ, ಒಳಗೇ ತುಕ್ಕು ಹಿಡಿದು ಅಲಗು ಒಂದು ದಿನ ಕೈಯಲ್ಲೇ ಮುರಿಯುತ್ತದೆ ಎಂಬುದು ಅವನ ಮಾತು. "ಮನಿ ಹಂಚಿನ ತೂತು ಕಾಣೂದಿಲ್ಲ, ಇದೊಂದು ಕಾಣತೈತಿ ಇವರಿಗೆ" ಎಂದು ಹೆಂಡತಿ ಬಸವಣ್ಣೆವ್ವ ಗಿರಾಕಿಗಳ ಮುಂದೆಯೇ ಹಂಗಿಸುತ್ತಿದ್ದಳು. ಆದರೆ ಹೋದ ದೀಪಾವಳಿಯಿಂದ ಅವನ ಕಣ್ಣಿಗೆ ಪೊರೆ ಬಂದು ಎಲ್ಲವೂ ಮಂಜು. ಊರಿಗೆ ತಿಳಿದರೆ ಚಾಕು ಕೇಳಿ ಯಾರು ಬಂದಾರು? ಅದಕ್ಕೇ ಈಗ ತಡೆ ತೊಡಿಸಿದ ಅಲಗನ್ನು ಹೆಂಡತಿಯ ಕೈಗಿಟ್ಟು "ನೋಡ" ಅನ್ನುತ್ತಾನೆ. ಪಾಯಪ್ಪ ರೈಲಿಗೆ ಹೊತ್ತಾಯಿತೆಂದು ಬಾಗಿಲಲ್ಲಿ ಚಡಪಡಿಸುತ್ತಿರುತ್ತಾನೆ. ಬೆಳಕು ಇಲ್ಲ ಎಂದು ಅವಳು ಅಂದುಬಿಟ್ಟರೆ ಚಾಕು ಕೊಟ್ಟು ಕಳಿಸಿ ಕೆಲಸ ಅಲ್ಲಿಗೇ ಮುಗಿದೀತು. ಆದರೆ ಅವಳು ಬಿಸಿಲಿಗೆ ಹಿಡಿದು, ಎರಡು ಸಲ ತಿರುವಿ, "ಐತ್ರಿ, ಒಂದೆಳಿ ಬೆಳಕ ಐತಿ" ಅನ್ನುತ್ತಾಳೆ. ಅಂದವಳೇ ಸೆರಗು ಬಿಗಿದು, ಹೊಸ ತಡೆಗಾಗಿ ಕುಲುಮೆಯ ತಿದಿ ಒತ್ತಲು ಕೂರುತ್ತಾಳೆ.